ತನ್ನ ಪರವಾಗಿ ಎರಡು ನಿಮಿಷ

ಅಲುಮಿತಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಮಣೆಯ ಮೇಲೆ ನೆಟ್ಟಗೆ ಕೂತು, "ನನ್ನ ಹೆಸರು ಅಲುಮಿತಾ" ಅಂದಳು. ಅಲ್ಲಿಯವರೆಗೆ ಸಲೀಸಾಗಿ ಬಂತು. ಮುಂದಿನ ಮಾತು ಬರಲಿಲ್ಲ. ಒಲೆಯ ಮೇಲೆ ಮರಗೆಣಸು ಕೊತಕೊತ ಕುದಿಯುತ್ತಿತ್ತು, ಪಕ್ಕದ ಮನೆಯ ರೇಡಿಯೋದಲ್ಲಿ ರಗ್ಬಿ ಪಂದ್ಯದ ವಿವರಣೆ ಬರುತ್ತಿತ್ತು. ಆ ಸದ್ದುಗಳೆಲ್ಲ ವಿಡಿಯೋದಲ್ಲಿ ಸೇರಿಕೊಂಡವು. ಅವಳ ಮಾತು ಮಾತ್ರ ಸೇರಲಿಲ್ಲ.

ಅವಳಿಗೆ ಬೇಕಾಗಿದ್ದ ಕೆಲಸದ ಜಾಹೀರಾತು ಇಷ್ಟೇ ಕೇಳಿತ್ತು: ನಿಮ್ಮ ಬಗ್ಗೆ ಎರಡು ನಿಮಿಷ ಮಾತಾಡಿ ಕಳಿಸಿ. ಫಿಜಿಯ ರಾಜಧಾನಿ ಸುವಾದ ನಡುವೆ, ಸಮುದ್ರಕ್ಕೆ ಮುಖ ಮಾಡಿದ ಹಸಿರು ಗಾಜಿನ ಕಟ್ಟಡದಲ್ಲಿ ಒಂದು ಸಾಫ್ಟ್‌ವೇರ್ ಕಚೇರಿ ಇತ್ತು. ಅಲ್ಲಿಗೆ ಟೆಸ್ಟರ್ ಬೇಕಾಗಿದ್ದರು. ಬೇರೆಯವರು ಮಾಡಿದ ಆಪನ್ನು ಜನರ ಕೈಗೆ ಕೊಡುವ ಮೊದಲು ಅದನ್ನು ಹಿಂದೆ ಮುಂದೆ ಎಳೆದಾಡಿ, ಎಲ್ಲಿ ಮುಗ್ಗರಿಸುತ್ತದೆ ಎಂದು ಕಂಡುಹಿಡಿಯುವ ಕೆಲಸ.

ಹಗಲು ನಬುವಾದ ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್ ಆಗಿದ್ದು, ಸಂಜೆ ತರಗತಿಗೆ ಹೋಗಿ ಅವಳು ಕಲಿತದ್ದು ಅದನ್ನೇ. ಮೊದಲ ದಿನ ಮೇಷ್ಟ್ರು ದೋಣಿಯ ಟಿಕೆಟ್ ಕಾಯ್ದಿರಿಸುವ ಒಂದು ಅಭ್ಯಾಸದ ಆಪ್ ಕೊಟ್ಟು, "ಇದನ್ನ ಕೆಡಿಸಿ ನೋಡೋಣ" ಅಂದಿದ್ದರು. ಅಲುಮಿತಾ ತನ್ನ ಅಜ್ಜಿಯ ಉದ್ದನೆಯ ಹೆಸರನ್ನು ಪೂರ್ತಿಯಾಗಿ ಬರೆದಳು. ಆಪ್ ಅಜ್ಜಿಯನ್ನು ಅರ್ಧಕ್ಕೆ ಕತ್ತರಿಸಿ ಟಿಕೆಟ್ ಕೊಟ್ಟಿತು. ನಿನ್ನೆಯ ತಾರೀಕು ಹಾಕಿದಳು, ನಿನ್ನೆ ಹೋಗಿಯಾಗಿದ್ದ ದೋಣಿಗೂ ಟಿಕೆಟ್ ಬಂತು. ಚಿಕ್ಕಂದಿನಿಂದಲೂ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವ ಜಾಯಮಾನ ಅವಳದು. ಎಲ್ಲರೂ ಅದನ್ನು ನೋಡಿ ನಕ್ಕಿದ್ದರೇ ಹೊರತು, ಅದರಿಂದ ಉಪಯೋಗವಿದೆ ಎಂದು ಯಾರೂ ಹೇಳಿರಲಿಲ್ಲ. ಅವಳ ಜೀವಮಾನದ ಅಂಜಿಕೆಗೆ ಆವತ್ತು ಮೊದಲ ಸಲ ಒಂದು ಉದ್ಯೋಗ ಸಿಕ್ಕಿದ ಹಾಗಾಯಿತು.

ಅಂದಿನಿಂದ, ತರಗತಿ ಮುಗಿಸಿ ಬಸ್ಸಿಗೆ ಕಾಯುವಾಗ ಅವಳು ಆ ಹಸಿರು ಗಾಜಿನ ಕಟ್ಟಡವನ್ನೇ ನೋಡುತ್ತ ನಿಲ್ಲುವಳು. ಮೂರನೇ ಮಹಡಿಯಲ್ಲಿ ದೀಪ ಇರುತ್ತಿತ್ತು. ಯಾರೋ ಒಬ್ಬಳು ಎದ್ದು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮೈ ಮುರಿದು, ಮಗ್ ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ಕ್ಯಾಷ್ ಕೌಂಟರಿನಲ್ಲಿ ನಿಂತು ಅಲುಮಿತಾಳಿಗೂ ದಣಿವಾಗುತ್ತಿತ್ತು, ಆದರೆ ಅದು ಕಾಲಿನ ದಣಿವು. ಆ ಕಿಟಕಿಯ ಹೆಂಗಸು ದಣಿದ ಹಾಗೆ ದಣಿಯಬೇಕು ಎಂದು ಅವಳಿಗೆ ಆಸೆ. ಇಂಥ ಆಸೆಯನ್ನು ಯಾರ ಮುಂದೆ ಹೇಳುವುದು? ಬಸ್ಸು ಬಂದರೂ ಕೆಲವು ಸಲ ಹತ್ತದೆ ಬಿಟ್ಟುಬಿಡುತ್ತಿದ್ದಳು.

"ಏನಮ್ಮಾ, ಸಕ್ಕರೆ ಡಬ್ಬಿ ಜೊತೆ ಪ್ರೇಮ ನಡೀತಿದೆಯಾ?"

ಬಾಗಿಲಲ್ಲಿ ಸಕಿಯುಸಾ ನಿಂತಿದ್ದ. ಅವಳ ಸೋದರತ್ತೆಯ ಮಗ, ನಸಿನು ದಾರಿಯಲ್ಲಿ ಮಿನಿಬಸ್ ಓಡಿಸುವವನು. ಅಣ್ಣತಮ್ಮಂದಿರ ಜೊತೆ ಆಡಬಾರದ ಮಾತನ್ನೆಲ್ಲ ಅತ್ತೆ ಮಗನ ಜೊತೆ ಆಡಬಹುದು. ಆಡದಿದ್ದರೇ ಅವನಿಗೆ ಬೇಜಾರು.

"ಸುಮ್ನಿರು ಭಾವ, ರೆಕಾರ್ಡ್ ಆಗ್ತಿದೆ."

"ಆಗ್ಲಿ ಬಿಡು. ನನ್ನ ದನಿ ಬಿದ್ರೆ ಕೆಲಸ ಬೇಗ ಸಿಗುತ್ತೆ."

"ನಿನ್ನ ದನಿ ಕೇಳಿದ್ರೆ ಜನ ಬಸ್ಸಿಂದ ಇಳಿದು ನಡ್ಕೊಂಡು ಹೋಗ್ತಾರಂತೆ."

"ಅಯ್ಯೋ, ಇಷ್ಟು ಚೆನ್ನಾಗಿ ಬೈತೀಯಲ್ಲೇ! ಇದರಲ್ಲಿ ಅರ್ಧ ನಿನ್ನ ಬಗ್ಗೆ ಹೇಳ್ಕೊಂಡಿದ್ರೆ ಇಷ್ಟೊತ್ತಿಗೆ ಮ್ಯಾನೇಜರ್ ಆಗಿರ್ತಿದ್ದೆ. ನಿಮ್ಮಪ್ಪ ಊರಿಗೆಲ್ಲ ಬಾಯಿ. ಮಗಳ ಬಾಯಿಗೆ ಬೀಗ."

ತಮಾಷೆಗೆ ಹೇಳಿದರೂ ಅವನು ಹೇಳಿದ್ದು ನಿಜ. ಅವಳ ತಂದೆ ಅಪೆನಿಸಾ ಮತನಿವನುವಾ ಮನೆತನದವರು. ಆ ಹೆಸರಿನ ಅರ್ಥ ನಾಡಿನ ಮುಖ ಎಂದು. ಒಡೆಯನ ಪರವಾಗಿ ಮಾತಾಡುವವರು ಅವರು. ಊರ ಒಡೆಯ ಚಾಪೆಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಅವನು ಯಾರು, ಏಕೆ ಬಂದ, ಏನು ತಂದ, ಏನು ಬೇಡುತ್ತಾನೆ ಎಂಬುದನ್ನೆಲ್ಲ ಅಪೆನಿಸಾ ಹೇಳಬೇಕು. ಮದುವೆಯಲ್ಲಿ, ಸಾವಿನಲ್ಲಿ ಅವರು ಬಾಯಿ ತೆರೆದರೆ ಅಳುವ ಮಕ್ಕಳೂ ಸುಮ್ಮನಾಗುತ್ತಿದ್ದವು. ಮನೆಯಲ್ಲಿ ಮಾತ್ರ ಅವರಿಗೆ ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುವರು, ಕೇಳುವವರಲ್ಲ. ಬೇರೆಯವರ ಮಾತು ಹೊರುವ ಬಾಯಲ್ಲಿ ತನ್ನ ಮಾತು ಬೆರೆಸಬಾರದು ಎಂದು ಅವರಿಗೆ ಅವರಪ್ಪ ಕಲಿಸಿದ್ದರು. ಅಲುಮಿತಾಳಿಗೆ ಅದನ್ನು ಯಾರೂ ಕಲಿಸಲಿಲ್ಲ, ನೋಡಿ ನೋಡಿ ತಾನೇ ಬಂತು.

ಕೊನೆಗೂ ಅವಳು ಒಂದು ವಿಡಿಯೋ ಮುಗಿಸಿ, ಕಚೇರಿಗೆ ಕಳಿಸುವ ಮೊದಲು ಗೆಳತಿ ಶಲೇನಿಗೆ ತೋರಿಸಿದಳು. ಶಲೇನಿ ಅದೇ ತರಗತಿಯವಳು, ಲಂಬಾಸಾ ಕಡೆಯ ಕಬ್ಬು ಬೆಳೆಯುವ ಮನೆಯಿಂದ ಬಂದವಳು. ತರಗತಿಯ ಮೆಟ್ಟಿಲ ಮೇಲೆ ಕೂತು, ಕಾಗದದಲ್ಲಿ ಸುತ್ತಿದ ಬೀನ್ಸ್ ರೊಟ್ಟಿ ತಿನ್ನುತ್ತ ಅವಳು ವಿಡಿಯೋ ನೋಡಿದಳು. ಅದರಲ್ಲಿ ಅಲುಮಿತಾ ತಲೆ ತಗ್ಗಿಸಿ, ನನಗೆ ತಿಳಿದಿರುವುದು ಸ್ವಲ್ಪ, ನಿಮ್ಮ ಸಮಯ ತೆಗೆದುಕೊಂಡದ್ದಕ್ಕೆ ಮನ್ನಿಸಿ, ನನಗಿಂತ ಚೆನ್ನಾಗಿ ಮಾಡುವವರು ತರಗತಿಯಲ್ಲಿ ಬಹಳ ಜನ ಇದ್ದಾರೆ ಎಂದು ಹೇಳುತ್ತಿದ್ದಳು.

"ನೀನು ಕೆಲಸ ಕೇಳ್ತಿದ್ದೀಯೋ, ಕ್ಷಮೆ ಕೇಳ್ತಿದ್ದೀಯೋ?" ಅಂದಳು ಶಲೇನಿ.

"ಮೊದಲು ಹಾಗೆ ಹೇಳ್ಬೇಕಲ್ವಾ? ಇಲ್ಲಾಂದ್ರೆ ಜಂಬ ಅಂದ್ಕೊಳ್ತಾರೆ."

"ಅಂದ್ಕೊಳ್ಳಲಿ ಕಣೇ! ಮೇಷ್ಟ್ರು ಏನಂದ್ರು? ನಿಮ್ಮನ್ನ ನೀವು ಮಾರ್ಕೊಳ್ಳೋದು ಕಲೀರಿ ಅಂದ್ರು."

"ನಮ್ಮಪ್ಪನ ಎದುರಿಗೆ ಈ ಮಾತು ಹೇಳಿ ನೋಡು. ಪೊರಕೆ ತಗೋತಾರೆ."

ಇಬ್ಬರೂ ನಕ್ಕರು. ಆಮೇಲೆ ಶಲೇನಿ ರೊಟ್ಟಿಯ ಕಾಗದವನ್ನು ಮುದುರುತ್ತ, ತನಗೂ ಹೇಳಿಕೊಳ್ಳಲು ಏನೂ ತೋಚುತ್ತಿಲ್ಲ ಎಂದು ಒಪ್ಪಿಕೊಂಡಳು.

"ನಿನಗೇನೇ ಕಡಿಮೆ?" ಅಂದಳು ಅಲುಮಿತಾ. ಅಂದವಳು ಎದ್ದು ನಿಂತಳು. ಯಾಕೆ ಎದ್ದು ನಿಂತಳೋ ಅವಳಿಗೇ ಗೊತ್ತಿಲ್ಲ. "ಕೇಳಿ. ಇವಳು ಯಾರು ಗೊತ್ತಾ? ಲಂಬಾಸಾದ ಗಿರಣಿ ಮುಂದೆ ಕಬ್ಬಿನ ಲಾರಿ ಸಾಲುಗಟ್ಟಿ ನಿಂತಾಗ, ಯಾವ ಲಾರಿ ಸಾಲು ತಪ್ಪಿಸಿ ನುಗ್ತು ಅಂತ ಅಪ್ಪನ ಹೆಗಲ ಮೇಲೆ ಕೂತು ಕೂಗಿ ಹೇಳಿದ ಹುಡುಗಿ. ಡ್ರೈವರ್‌ಗಳು ಇವಳಿಗೆ ಹೆದರ್ತಿದ್ರು. ಎಲ್ಲಾ ಸರಿಯಾಗಿದೆ ಅಂತ ಎಲ್ಲರೂ ಹೇಳುವಾಗ ಇವಳು ಇನ್ನೊಂದ್ಸಲ ನೋಡ್ತಾಳೆ. ನಿಮ್ಮ ಹತ್ರ ಸುಳ್ಳು ಹೇಳೋಕೆ ಇವಳಿಗೆ ಬರಲ್ಲ. ಬೇಕಾದ್ರೆ ಒಂದು ದಿನ ಕೂರಿಸಿ ನೋಡಿ..."

ಮಾತು ನಿಲ್ಲಲೇ ಇಲ್ಲ. ತಂದೆಯ ಉಸಿರಿನ ಏರಿಳಿತ, ತಂದೆ ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿಯೇ ನಿಲುಗಡೆ. ಮೆಟ್ಟಿಲಿಳಿದು ಹೋಗುತ್ತಿದ್ದ ಹುಡುಗರು ನಿಂತು ಕೇಳಿದರು. ಶಲೇನಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವಳು, ಸರಕ್ಕನೆ ಫೋನ್ ತೆಗೆದು, "ಇನ್ನೊಂದ್ಸಲ ಹೇಳೇ, 'ಇವಳು' ಅಂದ ಕಡೆ 'ನಾನು' ಹಾಕ್ಕೊಂಡು ಹೇಳ್ತೀನಿ" ಅಂದಳು.

ಇಬ್ಬರ ವಿಡಿಯೋಗಳೂ, ಅಲುಮಿತಾಳದು ಆ ತಲೆ ತಗ್ಗಿಸಿದ್ದೇ, ಒಂದೇ ದಿನ ಆ ಹಸಿರು ಗಾಜಿನ ಕಟ್ಟಡಕ್ಕೆ ಹೋದವು. ಕರೆ ಬಂದದ್ದು ಶಲೇನಿಗೆ. ಕೆಲಸ ಸಿಕ್ಕಿದ್ದೂ ಶಲೇನಿಗೆ.

ಶಲೇನಿ ಸಿಹಿ ತಂದು ಅತ್ತಳು. "ನಿನ್ನ ಮಾತು ಕಣೇ ಅದು. ನಿನ್ನ ಮಾತಿಗೆ ಸಿಕ್ತು."

"ಹುಚ್ಚಿ. ಲಾರಿ ಲೆಕ್ಕ ನಾನಾ ಇಟ್ಟಿದ್ದು?" ಅಂದಳು ಅಲುಮಿತಾ. ಸಿಹಿಯನ್ನು ತಿಂದಳು. ಸಂತೋಷವಾಗಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ವಾರ ಬಸ್ಸಿಗೆ ಕಾಯುವಾಗ ತಲೆ ಎತ್ತಿ ಮೂರನೇ ಮಹಡಿಯನ್ನು ನೋಡುವ ಧೈರ್ಯವಾಗಲಿಲ್ಲ. ಮೈ ಮುರಿಯುವ ಹೆಂಗಸಿನ ಪಕ್ಕದಲ್ಲಿ ಈಗ ಶಲೇನಿ ಇರುತ್ತಾಳಲ್ಲ. ಮೆಟ್ಟಿಲ ಮೇಲೆ ತಾನು ಮಾತಾಡಿದ್ದು ಗೆಳತಿಗಾಗಿಯೋ, ಅಥವಾ ಗೆಳತಿಯ ನೆಪದಲ್ಲಿ ತನಗಾಗಿಯೋ ಎಂದು ಯೋಚಿಸಿ ಯೋಚಿಸಿ, ತಪ್ಪೆಲ್ಲ ತನ್ನದೇ ಇರಬೇಕು ಎಂದು ತೀರ್ಮಾನಿಸಿ, ಅದೂ ಸರಿಯಲ್ಲವೇನೋ ಎಂದುಕೊಂಡಳು.

ಇನ್ನೊಬ್ಬರು ಬೇಕಾಗಬಹುದು ಎಂದು ಶಲೇನಿ ಕಚೇರಿಯಿಂದ ಸುದ್ದಿ ತಂದಾಗ, ಅಲುಮಿತಾ ಮೊದಲ ಸಲ ತಂದೆಯ ಹತ್ತಿರ ವಿಷಯ ತೆಗೆದಳು. ಅಪೆನಿಸಾ ಅಂಗಳದಲ್ಲಿ ಕೂತು ಯಂಗೋನ ಬೇರನ್ನು ಕುಟ್ಟುತ್ತಿದ್ದರು. ಸಂಜೆ ನೆರೆಯವರು ಬಂದು ಕೂತರೆ, ಆ ಪುಡಿಯನ್ನು ನೀರಲ್ಲಿ ಕಲಸಿ ಕುಡಿಯುತ್ತ ಮಾತಾಡುವುದು ವಾಡಿಕೆ. ಮಗಳು ಹೇಳಿದ್ದನ್ನೆಲ್ಲ ಕೇಳಿ ಅವರು ಒನಕೆ ನಿಲ್ಲಿಸಿದರು.

"ಯಾರು ಹೇಳ್ತಾರೆ ನಿನ್ನ ಪರವಾಗಿ?"

"ನಾನೇ ಹೇಳ್ಕೋಬೇಕಂತೆ ಅಪ್ಪ."

"ನೀನೇನಾ?" ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಹಂಗೆ ಕೇಳಿದವರಿಗೆ ಯಾರಾದ್ರೂ ಕೊಡ್ತಾರಾ? ನಾನು ಹೇಳೋ ಹಂಗಿಲ್ಲ, ನೀನು ನನ್ನ ಮಗಳು. ನಮ್ಮನ್ನ ನಾವು ಹೊಗಳ್ಕೊಂಡ ಹಂಗಾಗುತ್ತೆ. ಬೇರೆ ಮನೆಯೋರು ಹೇಳ್ಬೇಕು." ಮತ್ತೆ ಒನಕೆ ಎತ್ತಿಕೊಂಡರು. "ಸಕಿಯುಸಾ ಹೇಳಬಹುದು. ಏನ್ಮಾಡೋದು, ಅವನೇ ಸಿಗೋದು."

ಅಲುಮಿತಾಳಿಗೆ ಅದು ಸರಿಯಲ್ಲ ಎಂದು ತಕ್ಷಣ ಅನ್ನಿಸಿತು. ಮರುಗಳಿಗೆಯಲ್ಲೇ ಎದೆಯಿಂದ ಚಪ್ಪಡಿ ಕಲ್ಲು ಇಳಿಸಿದ ಹಾಗೆ ಹಗುರವೂ ಆಯಿತು. ಆ ಹಗುರವನ್ನು ಬಿಟ್ಟುಕೊಡಲು ಅವಳಿಂದಾಗಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಚಾಪೆ ಹಾಸಿದರು. ಸಕಿಯುಸಾ ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು, ಹೂವಿನ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಸವರಿ ಫೋನಿನ ಮುಂದೆ ಕೂತ. ಅವನ ಹಿಂದೆ ಒಂದು ಮಾರು ಸರಿದು, ಕಣ್ಣು ನೆಲಕ್ಕೆ ನೆಟ್ಟು ಅಲುಮಿತಾ ಕೂತಳು. ಒಡೆಯರು ಕೂರುವುದೇ ಹಾಗೆ. ಅಪೆನಿಸಾ ಫೋನಿನ ಆಚೆ ನಿಂತು ಮಾತು ಎತ್ತಿಕೊಟ್ಟರು.

"ಆ ಎತ್ತರದ ಮನೆಯಲ್ಲಿ ಕೂತಿರೋ ದೊಡ್ಡವರಿಗೆ ನಮಸ್ಕಾರ," ಎಂದು ಸಕಿಯುಸಾ ಚೆನ್ನಾಗಿಯೇ ಶುರು ಮಾಡಿದ. ಆಮೇಲೆ ಎತ್ತಿಕೊಟ್ಟದ್ದು ಮರೆತುಹೋಯಿತು. ಅವನಿಗೆ ತಿಳಿದ ಭಾಷೆಗೆ ಇಳಿದ. "ಇಗೋ ನೋಡಿ, ಈ ಹೆಣ್ಮಗಳು. ಹೊರಗಡೆ ಸ್ವಲ್ಪ ಮಂಕಾಗಿ ಕಾಣಬಹುದು, ಇಂಜಿನ್ನು ಬಹಳ ಗಟ್ಟಿ. ಒಂದು ದಿನ ನಿಂತಿದ್ದಿಲ್ಲ. ಬ್ರೇಕು ಮಾತ್ರ ಜಾಸ್ತಿ ಹಿಡೀತಾಳೆ, ಅದೂ ಒಳ್ಳೇದೇ ಅಲ್ವಾ? ಅಪಘಾತ ಆಗಲ್ಲ."

ಅಪೆನಿಸಾ ಹಣೆ ಹಿಡಿದುಕೊಂಡರು. ಅಲುಮಿತಾ ತಲೆ ಎತ್ತಲಿಲ್ಲ. ಅವಳ ಭುಜಗಳು ಅಲುಗಿದ್ದು ವಿಡಿಯೋದಲ್ಲಿ ಬಂತು. ಅಳುವೋ ನಗುವೋ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಕಳಿಸಲೋ ಬೇಡವೋ ಎಂದು ಬೆರಳು ಬಹಳ ಹೊತ್ತು ತಡೆದು, ಕೊನೆಗೆ ಕಳಿಸಿಬಿಟ್ಟಿತು.

ಮಂಗಳವಾರ ಶಲೇನಿಯ ಫೋನ್ ಬಂತು. ಪಿಸುಮಾತು.

"ಏನೇ ಮಾಡ್ಬಿಟ್ಟೆ? ಇಲ್ಲಿ ಎಲ್ಲರೂ ನೋಡ್ತಿದ್ದಾರೆ."

"ನಗ್ತಿದ್ದಾರಾ?"

"ನಗ್ತಿದ್ದಾರೆ. ಆದ್ರೆ ಕ್ರಿಸ್ಟೀನ್ ಮೇಡಂ ನಗ್ಲಿಲ್ಲ. ನನ್ನ ವಿಡಿಯೋ ಮಾತು ಯಾರದು ಅಂತ ನಾನು ಅವರಿಗೆ ಹೇಳ್ಬಿಟ್ಟೆ, ಬೈಬೇಡ. ನಿನ್ನನ್ನ ಬರೋಕೆ ಹೇಳಿದ್ದಾರೆ."

ಆ ಕಂಪನಿ ನಡೆಸುತ್ತಿದ್ದ ಕ್ರಿಸ್ಟೀನ್ ಮೇಡಂ ಲೆವುಕಾ ಪಟ್ಟಣದಲ್ಲಿ ಹುಟ್ಟಿ ಬೆಳೆದವರು. ಬಿಳಿಯ ಅಜ್ಜ, ಫಿಜಿಯ ಅಜ್ಜಿ. ಊರ ಮಾತು ಊರವರ ಹಾಗೆಯೇ ಆಡುತ್ತಿದ್ದರು. ಮೂರನೇ ಮಹಡಿ ಕೆಳಗಿನಿಂದ ಕಂಡಷ್ಟು ದೊಡ್ಡದಿರಲಿಲ್ಲ. ಕಾಫಿಯ ವಾಸನೆ, ತಣ್ಣನೆಯ ಗಾಳಿ, ಕೀಲಿಮಣೆಗಳ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಬೆರಳ ಸದ್ದು. ಅಲುಮಿತಾ ಚೀಲವನ್ನು ತೊಡೆಯ ಮೇಲೆ ಅವಚಿಕೊಂಡು ಕೂತಳು.

"ನಿಮ್ಮ ಭಾವ ಗಾಡಿ ಮಾರೋ ವ್ಯಾಪಾರ ಮಾಡ್ತಾರಾ?" ಮೇಡಂ ಕೇಳಿದರು.

"ಇಲ್ಲ ಮೇಡಂ, ಮಿನಿಬಸ್ ಓಡಿಸ್ತಾನೆ. ತಪ್ಪಾಯ್ತು."

"ತಪ್ಪೇನಿಲ್ಲ. ನಮ್ಮಜ್ಜಿ ಇದ್ದಿದ್ರೆ ಅದೇ ಸರಿ ಅಂತಿದ್ರು. ಆದ್ರೆ ಅಜ್ಜಿ ಸಾಫ್ಟ್‌ವೇರ್ ಕಂಪನಿ ಇಟ್ಟಿರ್ಲಿಲ್ಲ." ನಕ್ಕು, ಕಾಗದ ನೋಡಿದರು. "ದೋಣಿ ಟಿಕೆಟ್ ಆಪ್ ಟೆಸ್ಟ್ ಮಾಡಿದ್ರಂತೆ, ಹೇಳಿ."

"ಹೌದು ಮೇಡಂ. ನಾವು ಅದರಲ್ಲಿ ಹೆಸರಿನದು, ತಾರೀಕಿನದು ನೋಡಿದ್ವಿ. ಎರಡು ಸಲ ಒತ್ತಿದ್ರೆ ಎರಡು ಟಿಕೆಟ್ ಆಗೋದು ಕಂಡುಹಿಡಿದ್ವಿ..."

"ನಾವು ಅಂದ್ರೆ ಯಾರ್ಯಾರು?"

ಅಲುಮಿತಾ ತಬ್ಬಿಬ್ಬಾದಳು. "ಯಾರೂ ಇಲ್ಲ ಮೇಡಂ. ಒಬ್ಬಳೇ."

ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಹೇಳಿದ್ದು ಅಲುಮಿತಾ ಎಣಿಸಿರದ ಮಾತು. ಟೆಸ್ಟರ್ ಕೆಲಸ ಸದ್ಯಕ್ಕಿಲ್ಲ. ಬ್ರಿಸ್ಬೇನಿನಿಂದ ಬರಬೇಕಾಗಿದ್ದ ಒಂದು ಕೆಲಸ ಮುಂದಕ್ಕೆ ಹೋಗಿದೆ. ಆದರೆ ಗಿರಾಕಿಗಳ ಹತ್ತಿರ ಕಂಪನಿಯ ಪರವಾಗಿ ಮಾತಾಡಲು ಒಬ್ಬರು ಬೇಕು. ಶಲೇನಿಯ ಪರವಾಗಿ ಮಾತಾಡಿದ ಹಾಗೆ ಕಂಪನಿಯ ಪರವಾಗಿ ಮಾತಾಡಿದರೆ ಸಾಕು. ಸಂಬಳವೂ ಟೆಸ್ಟರಿಗಿಂತ ಮೇಲು. ಸೋಮವಾರವೇ ಬರಬಹುದು.

"ಇದು ನಿಮ್ಮ ರಕ್ತದಲ್ಲೇ ಇದೆಯಲ್ಲ," ಅಂದರು ಮೇಡಂ. ಮೆಚ್ಚಿಗೆಯಿಂದಲೇ ಅಂದರು.

ಸೋಮವಾರ. ಇದೇ ಮಹಡಿ, ಇದೇ ಕಾಫಿ. ಅಲುಮಿತಾ ಮನಸ್ಸಿನಲ್ಲೇ ಒಂದು ಸಲ ಹೂಂ ಅಂದಳು, ಹೂಂ ಅಂದ ಮೇಲಿನ ದಿನಗಳನ್ನೂ ನೋಡಿದಳು. ಚಾಪೆಯ ಬದಲು ಮೇಜು. ಒಡೆಯ ಸುಮ್ಮನೆ ಕೂತಿರುತ್ತಾನೆ, ಅವಳು ಮಾತಾಡುತ್ತಾಳೆ. ಚೆನ್ನಾಗಿಯೇ ಮಾತಾಡುತ್ತಾಳೆ. ಗಾಜಿನ ಗೋಡೆಯಾಚೆ ಶಲೇನಿ ಪರದೆಗೆ ಬಗ್ಗಿ, ಏನೋ ಒಂದು ಎಡವಟ್ಟು ಸಿಕ್ಕಿತೆಂದು ಕಾಣುತ್ತದೆ, ಹುಬ್ಬು ಗಂಟಿಕ್ಕಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಪಕ್ಕದಲ್ಲಿ ಯಾರು ಹೋದರೂ ಬಂದರೂ ಅವಳಿಗೆ ಗಮನವಿರಲಿಲ್ಲ. ಅಲುಮಿತಾಳಿಗೆ ಬೇಕಾಗಿದ್ದದ್ದು ಈ ಕಟ್ಟಡವಲ್ಲ, ಆ ಹುಬ್ಬಿನ ಗಂಟು.

"ಮೇಡಂ, ಬೇಡ," ಅಂದಳು.

"ಏನು ಬೇಡ?"

"ಮಾತಿನ ಕೆಲಸ ನಂಗೆ ಬೇಡ. ನಂಗೆ..." ಅವಳ ಕೈ ಚೀಲದ ಹಿಡಿಯನ್ನು ಹಿಂಡುತ್ತಿತ್ತು. "ನಂಗೆ ತಪ್ಪು ಹುಡುಕೋ ಕೆಲಸ ಬೇಕು. ಅದು ನಂಗೆ ಬರುತ್ತೆ. ನಾನು ಅದನ್ನ ಚೆನ್ನಾಗಿ ಮಾಡ್ತೀನಿ."

ಹೇಳಿ ಮುಗಿಸಿದ ಮೇಲೆ ಕಿವಿ ಬಿಸಿಯಾಯಿತು. ಹಿಂದಿನಿಂದ ಯಾರಾದರೂ ಕ್ಷಮೆ ಕೇಳಬಾರದೇ ಎನ್ನಿಸಿತು. ಯಾರೂ ಇರಲಿಲ್ಲ.

ಮೇಡಂ ಕುರ್ಚಿಗೆ ಒರಗಿದರು. "ಈಗ ಇಲ್ಲ ಅಂದ್ನಲ್ಲ. ಯಾವಾಗ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಬರದೇನೂ ಇರಬಹುದು."

"ಗೊತ್ತಾಯ್ತು ಮೇಡಂ."

"ಆದ್ರೂ ಬೇಡ?"

"ಬೇಡ."

"ಸರಿ. ಆಗಾಗ ನಂಗೆ ಬರೀತಾ ಇರಿ. ನಾನು ಮರೆತುಬಿಡೋ ಜಾತಿ. ನೀವೇ ಬರೀರಿ, ಭಾವನ ಕೈಲಿ ಬೇಡ."

ಹೊರಗೆ ಬಂದಾಗ ಶಲೇನಿ ಓಡಿಬಂದು ತೋಳು ಹಿಡಿದಳು. ಆದದ್ದನ್ನು ಕೇಳಿ ಅವಳಿಗೆ ಸಿಟ್ಟೇ ಬಂತು. "ಒಳಗೆ ಬಂದ್ಮೇಲೆ ಮೆಲ್ಲಗೆ ಈ ಕಡೆ ಜರುಗಬಹುದಿತ್ತಲ್ಲೇ! ಪೆದ್ದು."

"ಇರಬಹುದು," ಅಂದಳು ಅಲುಮಿತಾ. ಅದು ಅವಳಿಗೂ ಹೊಳೆದಿತ್ತು. ಜರುಗಲು ಬಿಡುವುದಿಲ್ಲ ಎಂದೂ ಹೊಳೆದಿತ್ತು. ಚೆನ್ನಾಗಿ ಮಾತಾಡುವವರನ್ನು ಯಾರು ಸುಮ್ಮನೆ ಕೂರಲು ಬಿಡುತ್ತಾರೆ?

"ಬಾ, ನನ್ನ ಕುರ್ಚೀಲಿ ಒಂದ್ನಿಮಿಷ ಕೂತು ಹೋಗು."

"ಬೇಡ ಕಣೇ. ಕೂತ್ರೆ ಏಳೋದು ಕಷ್ಟ."

ಸಂಜೆ ಮನೆಯಲ್ಲಿ ಯಂಗೋನದ ಬೋಗುಣಿಯ ಸುತ್ತ ಅಪೆನಿಸಾ, ಸಕಿಯುಸಾ, ನೆರೆಯ ಇಬ್ಬರು ಹಿರಿಯರು ಕೂತಿದ್ದರು. ಅಲುಮಿತಾ ನಡೆದದ್ದನ್ನು ಮೊದಲೇ ತಂದೆಗೆ ಹೇಳಿದ್ದಳು. ಅವರು ಎಲ್ಲ ಕೇಳಿಸಿಕೊಂಡು ಎದ್ದು ಹೋಗಿ ಬೇರು ಕಲಸಿದ್ದರು. ಈಗ ಅವಳು ಅಡಿಗೆಮನೆಯಲ್ಲಿ ತೆಂಗಿನ ಹಾಲು ಹಿಂಡುತ್ತ ಕಿವಿಯನ್ನು ಆ ಕಡೆ ಇಟ್ಟಿದ್ದಳು.

"ಏನಾಯ್ತು ಮಾವ, ನನ್ನ ಭಾಷಣಕ್ಕೆ ಕೆಲಸ ಸಿಕ್ತಾ?" ಸಕಿಯುಸಾನ ದನಿ.

"ಇಲ್ಲ," ಅಂದರು ಅಪೆನಿಸಾ. ಆಮೇಲೆ ಚಾಪೆಯ ಮೇಲೆ ಮಾತಾಡುವ ದನಿಯಲ್ಲಿ, ನಿಧಾನವಾಗಿ, "ಕೊಟ್ಟಿದ್ದು ಬೇಡ ಅಂದಳು. ಬೇಕಾಗಿದ್ದು ಕೇಳಿದಳು. ತಾನೇ ಕೇಳಿದಳು."

"ಸಿಕ್ಲಿಲ್ವಲ್ಲ?"

"ಸಿಕ್ಲಿಲ್ಲ. ಕೇಳಿ ಬಂದಿದ್ದಾಳೆ."

ಯಾರೂ ನಗಲಿಲ್ಲ. ಯಂಗೋನ ತುಂಬಿದ ತೆಂಗಿನ ಚಿಪ್ಪು ಒಬ್ಬರ ಕೈಯಿಂದ ಒಬ್ಬರಿಗೆ ಹೋದ ಸದ್ದಾಯಿತು. "ನನ್ನ ಹೊಟ್ಟೆ ಮೇಲೆ ಹೊಡೆದಳು ಹಾಗಾದ್ರೆ," ಎಂದು ಸಕಿಯುಸಾ ಗೊಣಗಿದ.

"ಅಲು," ತಂದೆ ಕರೆದರು. "ಬಾ ಇಲ್ಲಿ. ಅದೇನು ಕೆಲಸ ಅಂತ ಇವರಿಗೆ ಹೇಳು. ನಂಗೆ ಹೇಳೋಕೆ ಬರ್ತಿಲ್ಲ."

ಅಲುಮಿತಾ ಕೈ ಒರೆಸಿಕೊಂಡು ಬಂದು ಚಾಪೆಯ ಅಂಚಿನಲ್ಲಿ ಕೂತಳು. ಇಷ್ಟು ಜನ ತನ್ನ ಮುಖವನ್ನೇ ನೋಡುತ್ತಿರುವುದು ಅಭ್ಯಾಸವಿರಲಿಲ್ಲ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ, ಹೊಸ ಸೇತುವೆಯ ಮೇಲೆ ಎಲ್ಲರಿಗಿಂತ ಮೊದಲು ಒಬ್ಬರು ನಡೆದು ನೋಡಬೇಕಲ್ಲ, ಹಾಗೆ, ಅಂದಳು. ಕಾಲು ಎಲ್ಲಿ ಕುಸಿಯುತ್ತದೆಂದು ನೋಡಿ ಬಂದು ಹೇಳಬೇಕು. ಆಗ ಉಳಿದವರು ಹೆದರದೆ ದಾಟುತ್ತಾರೆ. ನೋಡಿದವರು ಯಾರು ಎಂದು ಅವರಿಗೆ ಗೊತ್ತೂ ಇರುವುದಿಲ್ಲ.

"ಹೆದರ್ಕೊಂಡೇ ನಡೀಬೇಕಾ?" ಒಬ್ಬ ಹಿರಿಯರು ಕೇಳಿದರು.

"ಹೂಂ ಅಜ್ಜ. ಹೆದರಿದಷ್ಟೂ ಒಳ್ಳೇದು."

"ಅದು ನಿಂಗೆ ಇಷ್ಟನಾ?"

ಅವಳು ತಂದೆಯ ಕಡೆ ನೋಡಿದಳು. ಅಪೆನಿಸಾ ಬೋಗುಣಿಯನ್ನು ನೋಡುತ್ತಿದ್ದರು, ಅವಳ ಪರವಾಗಿ ಏನೂ ಹೇಳುವ ಹಾಗೆ ಕಾಣಲಿಲ್ಲ.

"ಬಹಳ," ಅಂದಳು ಅಲುಮಿತಾ. "ನಂಗೆ ಅದು ಬಹಳ ಬೇಕು."